ಬಣ್ಣ ಬಳಿಯದೆ ಬಿಟ್ಟ ಜಾಗ

ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದೆ. ಡಿಸೆಂಬರಿನ ಒಂದು ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಎದುರಿಗೆ ನಮ್ಮತ್ತೆ ಕಾಲು ಚಾಚಿಕೊಂಡು ಕೂತು ನನಗಿಂತ ಎರಡರಷ್ಟು ಬೇಗ ಹಿತುಕುತ್ತಿದ್ದರು. ಫೋನು ಹೊಡೆದುಕೊಂಡಾಗ ಕೈಯೆಲ್ಲ ಅಂಟು. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಮತ್ತೆ ಫೇಲ್ ಕಣೇ," ಅಂದರು ನಮ್ಮ ಮನೆಯವರು.

ಅವರು ಮೂರು ದಿನದಿಂದ ದೊಡ್ಡನೆಕ್ಕುಂದಿಯ ಒಂದು ಪರೀಕ್ಷಾ ಲ್ಯಾಬಿನಲ್ಲಿದ್ದರು. ನಮ್ಮದು ಮಾಕಳಿ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಶೆಡ್ಡಿದೆ, ಅದರ ಮೇಲೆ ಮನೆ. ಶೆಡ್ಡಿನಲ್ಲಿ ಆರು ಜನ ಸೇರಿ ಸೇನೆಯ ಗಾಡಿಗಳ ರೇಡಿಯೊಗೆ ಕರೆಂಟು ಕೊಡುವ ಪೆಟ್ಟಿಗೆ ಮಾಡುತ್ತಾರೆ. ನೋಡಲು ನಮ್ಮ ಮಸಾಲೆ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಅದನ್ನು ಸೇನೆಯವರು ತೆಗೆದುಕೊಳ್ಳಬೇಕಾದರೆ ಒಂದು ಕಬ್ಬಿಣದ ಕೋಣೆಯೊಳಗಿಟ್ಟು, ಅದರ ಮೇಲೆ ಜೋರಾಗಿ ರೇಡಿಯೊ ಅಲೆ ಬಿಟ್ಟು, ಅದು ಬೆದರದೆ ತನ್ನ ಕೆಲಸ ತಾನು ಮಾಡುತ್ತದೋ ಇಲ್ಲವೋ ಎಂದು ನೋಡುತ್ತಾರೆ. ಪಕ್ಕದಲ್ಲೇ ರೇಡಾರ್ ತಿರುಗುತ್ತಿದ್ದರೂ, ವೈರ್‌ಲೆಸ್ಸಿನಲ್ಲಿ ಯಾರು ಎಷ್ಟು ಕೂಗುತ್ತಿದ್ದರೂ ಪೆಟ್ಟಿಗೆ ತಲೆ ಕೆಡಿಸಿಕೊಳ್ಳಬಾರದು. ಇಷ್ಟು ನನಗೆ ಅರ್ಥವಾಗುತ್ತದೆ.

"ಇವತ್ತು ಏನಂತೆ?" ಅಂದೆ.

"ಅದೇ ಜಾಗ. ಒಂದು ಕಡೆ ಅಲೆ ಬಿಟ್ಟ ತಕ್ಷಣ ವೋಲ್ಟು ಕುಣಿಯೋಕೆ ಶುರು ಮಾಡುತ್ತೆ. ಎರಡು ಸಲ ವೈರೆಲ್ಲ ಬಿಚ್ಚಿ ಕಟ್ಟಿಸ್ದೆ. ಒಂಚೂರೂ ಬದಲಾಗ್ಲಿಲ್ಲ. ಅವಳು ವೈರು ಎಳೆದಿರೋದೇ ಸರಿಯಿಲ್ಲ."

ಅವಳು ಎಂದರೆ ನಮ್ಮಲ್ಲಿ ವೈರಿಂಗ್ ಮಾಡುವ ಹೆಂಗಸು. ಹನ್ನೊಂದು ವರ್ಷದಿಂದ ಇದ್ದಾಳೆ. ಸೇನೆಯ ಪೆಟ್ಟಿಗೆಗೆ ಬೆಸುಗೆ ಹಾಕಲು ಪರೀಕ್ಷೆ ಕಟ್ಟಿ ಸರ್ಟಿಫಿಕೇಟು ತೆಗೆದುಕೊಂಡಿರುವವಳು ಇಡೀ ಶೆಡ್ಡಿಗೆ ಅವಳೊಬ್ಬಳೇ. ಆ ಮೂರು ದಿನವೂ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು.

"ಅವಳು ಏನಂತಾಳೆ?"

"ಏನೂ ಅನ್ನಲ್ಲ. ಬಾಯೇ ಬಿಡ್ತಿಲ್ಲ. ತಪ್ಪು ಮಾಡಿದೋಳು ಇನ್ನೇನು ಹೇಳ್ತಾಳೆ? ಆರು ಗಂಟೆಗೆ ನಮ್ಮ ಟೈಮು ಮುಗಿಯುತ್ತೆ. ಮುಗಿದ ಮೇಲೆ ರಿಪೋರ್ಟಲ್ಲಿ ಕಾರಣ ಬರೀಲೇಬೇಕು. ವೈರಿಂಗ್ ತಪ್ಪು ಅಂತ ಬರೆದು ಅವಳ ಹೆಸರು ಹಾಕ್ತೀನಿ. ಸೋಮವಾರದಿಂದ ಬರಬೇಡ ಅಂತ ಹೇಳ್ಬಿಟ್ಟೆ."

ಹಾಗೆ ಹೆಸರು ಬಿದ್ದರೆ ಅವಳ ಸರ್ಟಿಫಿಕೇಟು ಹೋಗುತ್ತದೆ. ಆಮೇಲೆ ಪೀಣ್ಯದಲ್ಲಿ ಯಾವ ಸೇನೆಯ ಕೆಲಸದವರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮಗೇನು, ಫೆಬ್ರವರಿಯಲ್ಲಿ ಇನ್ನೊಂದು ಸಲ ಪರೀಕ್ಷೆಗೆ ಕೂರಬಹುದು.

"ಅರ್ತು ಗಿರ್ತು ಎಲ್ಲ ಸರಿಯಾಗಿದೆಯಾ ನೋಡಿದ್ರಾ?" ಅಂದೆ. ಇಪ್ಪತ್ತು ವರ್ಷ ಅವರ ಜೊತೆ ಊಟಕ್ಕೆ ಕೂತವಳಿಗೆ ಇಷ್ಟು ಮಾತು ಬಾಯಿಗೆ ಬರುತ್ತದೆ.

"ನೋಡದೆ ಬಿಡ್ತೀವಾ? ಮೀಟರ್ ಇಟ್ರೆ ಬೀಪ್ ಅನ್ನುತ್ತೆ. ಒಳಗಡೆ ಎಡಗೋಡೆಯಲ್ಲಿ ಬಣ್ಣ ಹೊಡೀದೆ ರೌಂಡಾಗಿ ಬಿಟ್ಟಿರ್ತೀವಲ್ಲ, ಅಲ್ಲೇ ಅರ್ತಿನ ತಾಮ್ರದ ಜಡೆ, ಆ ಹೆಣೆದ ಪಟ್ಟಿ, ಕೂತಿರೋದು. ಗಟ್ಟಿಯಾಗಿದೆ. ಸರಿ ಇಡ್ತೀನಿ, ಒಳಗೆ ಹೋಗ್ಬೇಕು."

ಫೋನು ಕಟ್ಟಾಯಿತು. ನಾನು ಬೇಸಿನ್ನಿನಿಂದ ಒಂದು ಕಾಳು ತೆಗೆದುಕೊಂಡೆ. ಹಿತುಕಲಿಲ್ಲ.

ಆಯುಧಪೂಜೆಯ ದಿನ ಕಣ್ಣೆದುರಿಗೆ ಬಂತು. ಪ್ರತಿ ವರ್ಷ ಶೆಡ್ಡು ತೊಳೆದು, ಯಂತ್ರಗಳಿಗೆಲ್ಲ ವಿಭೂತಿ ಎಳೆದು, ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆಯುವುದು ನನ್ನ ಕೆಲಸ. ಈ ವರ್ಷ ಮೇಜಿನ ಮೇಲೆ ಐದು ಹೊಸ ಪೆಟ್ಟಿಗೆಗಳು ಮುಚ್ಚಳವಿಲ್ಲದೆ, ಒಳಗೆ ಇನ್ನೂ ಏನೂ ಜೋಡಿಸದೆ ಬಾಯಿ ತೆರೆದು ಕೂತಿದ್ದವು. ಹೊಸ ಪರೀಕ್ಷೆಗೆ ಹೋಗುವವು ಇವೇ ಎಂದು ನನಗೆ ಗೊತ್ತಿತ್ತು. ಒಳಗಿಂದಲೇ ಆಶೀರ್ವಾದ ಇರಲಿ ಎಂದು ಬಗ್ಗಿ ನೋಡಿದೆ. ಸುತ್ತಲೂ ಹಸಿರು ಬಣ್ಣ. ಎಡಗೋಡೆಯಲ್ಲಿ ಮಾತ್ರ ಎರಡು ರೂಪಾಯಿ ಬಿಲ್ಲೆಯಷ್ಟು ಜಾಗ ಬೆಳ್ಳಗೆ, ಹೊಳೆಯುತ್ತಾ, ಸ್ನಾನ ಮಾಡಿಸಿದ ಮಗುವಿನ ಹಣೆಯ ಹಾಗಿತ್ತು. ಬೊಟ್ಟಿಗೆಂದೇ ಬಿಟ್ಟ ಜಾಗವೇನೋ ಎನ್ನುವಂತಿತ್ತು. ಗಂಧ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಐದಕ್ಕೂ ಇಟ್ಟೆ. ಕಣ್ಣಿಗೊತ್ತಿಕೊಂಡೆ.

"ಏನವ್ವಾ, ಅಂಗೆ ಕುಂತ್ಬುಟ್ಟೆ?" ಅಂದರು ಅತ್ತೆ.

"ಅತ್ತೆ, ಪೂಜೆ ಕುಂಕುಮ ಆಮೇಲೆ ಯಾರಾದ್ರೂ ಒರೆಸ್ತಾರಾ?"

"ಯಾಕ್ ಒರುಸ್ತಾರೆ? ತಾನಾಗೇ ಓಗೋಗಂಟ ಇರ್ಬೇಕು. ದ್ಯಾವ್ರ ಬೊಟ್ಟು ಒರ್ಸೋಕೆ ಯಾರಿಗ್ ಕೈ ಬತ್ತದೆ?"

ನಮ್ಮ ಕಡೆ ಅದು ಹಾಗೆಯೇ. ಆಟೋದ ಮೇಲೆ, ಲೇತಿನ ಮೇಲೆ, ತೂಕದ ಯಂತ್ರದ ಮೇಲೆ ಇಟ್ಟ ಬೊಟ್ಟು ಮಾಸಿ, ಉದುರಿ ಹೋಗುವವರೆಗೂ ಇರುತ್ತದೆ. ಹಾಗಾದರೆ ಆ ತಾಮ್ರದ ಜಡೆಯನ್ನು ಕೂರಿಸುವಾಗ ಅವಳು ಏನು ಮಾಡಿರಬಹುದು?

ಇವರಿಗೆ ಫೋನು ಮಾಡಿದೆ. ಹೊಡೆದುಕೊಂಡಿತು, ಎತ್ತಲಿಲ್ಲ. ಅವಳಿಗೆ ಮಾಡಿದೆ, ಅದೂ ಹಾಗೆಯೇ. ಸೇನೆಯ ಸಾಮಾನು ಎಂದು ಆ ಲ್ಯಾಬಿನ ಬಾಗಿಲಲ್ಲೇ ಫೋನುಗಳನ್ನು ಇಸಿದುಕೊಂಡು ಬೀರುವಿನಲ್ಲಿಡುತ್ತಾರೆ. ನೆಟ್ಟಿನಲ್ಲಿ ಹುಡುಕಿ ಲ್ಯಾಬಿನ ನಂಬರಿಗೆ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಹಾಡು ಹಾಕಿ, ತಾನೇ ಕಟ್ಟಾಯಿತು. ಎರಡನೇ ಸಲವೂ ಅಷ್ಟೆ.

ನನಗೆ ಖಾತ್ರಿಯೇನೂ ಇರಲಿಲ್ಲ. ಮೀಟರು ಸರಿ ಎನ್ನುತ್ತಿದೆ. ಒಂದು ಚಿಟಿಕೆ ಕುಂಕುಮಕ್ಕೆ ಸೇನೆಯ ಪೆಟ್ಟಿಗೆ ಕೆಡುತ್ತದೆ ಎಂದರೆ ನಗುತ್ತಾರೆ. ನಗಲಿ. ಬೇಸಿನ್ನನ್ನು ಅತ್ತೆಯ ಕಡೆ ತಳ್ಳಿ, ಕೈ ತೊಳೆದು, ದೇವರ ಮುಂದೆ ನಿಂತು ಒಂದೇ ಮಾತು ಹೇಳಿದೆ: ಆರು ಗಂಟೆಯೊಳಗೆ ತಲುಪಿಸಪ್ಪ. ಉಟ್ಟ ಸೀರೆಯಲ್ಲೇ ಹೊರಟೆ.

ಗೇಟು ದಾಟುವಷ್ಟರಲ್ಲಿ ಆಟೋ ಸಿಕ್ಕಿತು. ಅದು ಮೊದಲನೆಯ ಉಪಕಾರ. ಮಾದಾವರದಲ್ಲಿ ಮೆಟ್ರೊ ಹತ್ತಿದಾಗ ಎರಡು ಗಂಟೆ ಹತ್ತು ನಿಮಿಷ. ಮೊದಲ ಸ್ಟೇಷನ್ನಾದ್ದರಿಂದ ಕೂರಲು ಸೀಟೂ ಸಿಕ್ಕಿತು. ಆದರೆ ಕೂತರೆ ನೆಮ್ಮದಿಯಿಲ್ಲ. ಪೀಣ್ಯದ ಶೀಟಿನ ಮಾಡುಗಳು ಕಿಟಕಿಯಲ್ಲಿ ಹಿಂದೆ ಹೋಗುತ್ತಿದ್ದವು, ನನ್ನ ತಲೆಯೊಳಗೆ ಇವರ ಪುಸ್ತಕಗಳು ಬಿಚ್ಚಿಕೊಳ್ಳುತ್ತಿದ್ದವು.

ಶೆಡ್ಡು ಹಾಕುವ ಮೊದಲು ಇವರು ಒಂದು ದೊಡ್ಡ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದರು. ಆಗಿನಿಂದಲೂ ನಮ್ಮ ಮನೆಯ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಈ ಪರೀಕ್ಷೆಯ ನಿಯಮದ ಪುಸ್ತಕಗಳು ಇವೆ. ಅಮೆರಿಕದ ಸೇನೆಯವರು ಬರೆದದ್ದಂತೆ, ನಮ್ಮವರೂ ಅದನ್ನೇ ಹಿಡಿದು ಕೇಳುತ್ತಾರೆ. ಪ್ರತಿ ಸಲ ತಿದ್ದಿದಾಗ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಬದಲಾಗುತ್ತದೆ. ನಾನು ಮದುವೆಯಾಗಿ ಬಂದಾಗ 'ಇ' ಇತ್ತು. ಮಗಳು ಹುಟ್ಟಿದ ಮೇಲೆ 'ಎಫ್' ಬಂತು. ಈಗ 'ಜಿ'. ಹೊಸ ಅಕ್ಷರ ಬಂದರೂ ಕೊಳ್ಳುವವರು ತಕ್ಷಣ ಕೇಳುವುದಿಲ್ಲ, ಹಳೆಯದರಲ್ಲೇ ವರ್ಷಗಟ್ಟಲೆ ನಡೆಯುತ್ತದೆ. ನಮ್ಮನ್ನು 'ಜಿ' ಕೇಳಿದ್ದು ಈ ವರ್ಷವೇ.

"ಯಾಕ್ರೀ ಸುಮ್ನೆ ಬದಲಾಯಿಸ್ತಾರೆ? ಮಾಡಿದ್ದೇ ಮಾಡಿಸಿದ್ರೆ ಆಗಲ್ವಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಸುಮ್ನೆ ಯಾರೂ ಬದಲಾಯಿಸಲ್ಲ. ಎಲ್ಲೋ ಏನೋ ಕೆಟ್ಟಿರುತ್ತೆ. ಹಡಗಿನ ರೇಡಾರ್ ಹಾಕಿದ್ರೆ ಪಕ್ಕದ ಯಂತ್ರ ಬೆಚ್ಚಿ ಬೀಳುತ್ತೆ. ಮುಂಚೆ ಇಲ್ಲದ ಅಲೆಗಳು ಈಗ ಗಾಳಿ ತುಂಬ ಇವೆ. ಸೇನೆಯವರು, ಕಂಪನಿಯವರು ಒಟ್ಟಿಗೆ ಕೂತು ಜಗಳ ಆಡ್ತಾರೆ, ಒಂದು ಸಾಲು ಸೇರಿಸ್ತಾರೆ. ಕೆಲವು ಸಾಲು ದಂಡ ಅಂತ ಗೊತ್ತಾದ್ರೆ ತೆಗೆದೂ ಹಾಕ್ತಾರೆ," ಅಂದಿದ್ದರು.

'ಜಿ'ಯಲ್ಲಿ ಸಿಡಿಲಿನದ್ದೊಂದು ಹೊಸ ಪರೀಕ್ಷೆ ಬಂತಂತೆ. ಇನ್ನೊಂದು ನನಗೆ ತುಂಬ ಹಿಡಿಸಿತ್ತು. ಚಳಿಗಾಲದಲ್ಲಿ ನೈಲಾನ್ ಸೀರೆ ಬಿಚ್ಚುವಾಗ ಚಟಪಟ ಎನ್ನುತ್ತದಲ್ಲ, ಅಂಥ ಕಿಡಿ ಸೈನಿಕನ ಬೆರಳಿನಿಂದ ಪೆಟ್ಟಿಗೆಗೆ ಹಾರಿದರೆ ಏನಾಗುತ್ತದೆ ಎಂದು ನೋಡುವುದು. ಅಷ್ಟು ಸಣ್ಣದ್ದಕ್ಕೂ ಲೆಕ್ಕವಿಟ್ಟಿದ್ದಾರಲ್ಲ ಎನಿಸಿತ್ತು. ಪುಸ್ತಕದ ಹಿಂಭಾಗದಲ್ಲಿ ಪ್ರತಿ ನಿಯಮಕ್ಕೂ ಅದು ಯಾಕೆ ಬಂತು ಎಂದು ಬೇರೆಯೇ ಬರೆದಿರುತ್ತಾರೆ. ಇವರು ಅದನ್ನೇ ಹೆಚ್ಚು ಓದುತ್ತಾರೆ. ವ್ರತದ ಪುಸ್ತಕದಲ್ಲೂ ವಿಧಾನ ಮುಗಿದ ಮೇಲೆ ಕಥೆ ಇರುತ್ತದೆ, ಕಥೆ ಓದದಿದ್ದರೆ ಫಲವಿಲ್ಲ ಎಂದು ನಾನು ಹೇಳಿದ್ದಕ್ಕೆ, "ನೀನೂ ಕಮಿಟಿಗೆ ಹೋಗು" ಎಂದು ಆಡಿಕೊಂಡಿದ್ದರು.

ಈ ಸಲ ಪೆಟ್ಟಿಗೆ ಫೇಲಾದಾಗ ಮೊದಲ ದಿನ ಎಲ್ಲರೂ 'ಜಿ'ಯನ್ನೇ ಬೈದರು. ಆದರೆ ಅಲೆಯ ಪರೀಕ್ಷೆ ಹಳೆಯ ಪುಸ್ತಕದಲ್ಲೂ ಇತ್ತು, ಹಳೆಯ ಪೆಟ್ಟಿಗೆಗಳು ಅದರಲ್ಲಿ ಪಾಸೂ ಆಗಿದ್ದವು. ಎರಡನೆಯ ದಿನ ಬೈಗುಳ ಅವಳ ಕಡೆ ತಿರುಗಿತು. ಪುಸ್ತಕ ಬೈಸಿಕೊಂಡರೆ ಪುಸ್ತಕಕ್ಕೇನೂ ಆಗುವುದಿಲ್ಲ.

ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಹೋಗುವಾಗ ಜನವೋ ಜನ. ಮೊದಲ ರೈಲಿಗೆ ಹತ್ತಲಾಗಲಿಲ್ಲ. ಎರಡನೆಯದರಲ್ಲಿ ಒಬ್ಬಳು ಕಾಲೇಜಿನ ಹುಡುಗಿ ಕೈ ಹಿಡಿದು ಒಳಗೆ ಎಳೆದುಕೊಂಡಳು. ಅವಳ ಹೊಟ್ಟೆ ತಣ್ಣಗಿರಲಿ. ಗರುಡಾಚಾರ್‌ಪಾಳ್ಯದಲ್ಲಿ ಇಳಿದಾಗ ನಾಲ್ಕೂ ಕಾಲು. ಆಟೋದವನು ಒಳರಸ್ತೆಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡ. "ಅಣ್ಣ, ಸ್ವಲ್ಪ ಬೇಗ" ಅಂದೆ. "ಲಾರಿ ಮೇಲೆ ಹತ್ತಿಸ್ಲಾ ಅಕ್ಕ?" ಅಂದ. ಕೊನೆಗೆ ಇಳಿದು ನಡೆದೇ ಹೋದೆ.

ಲ್ಯಾಬಿನ ಬಾಗಿಲಲ್ಲಿ ಸೆಕ್ಯುರಿಟಿಯವರು ತಡೆದರು. ಹೆಸರು ಬರೆಸಿಕೊಂಡು, ಫೋನು ಇಸಿದುಕೊಂಡು, ಒಳಗಿನ ಬೆಂಚಿನವರೆಗೆ ಬಿಟ್ಟರು.

"ಅಲ್ಲಿ ಕೆಂಪು ಲೈಟ್ ಉರೀತಿದೆ ನೋಡಿ ಮೇಡಂ. ಅದು ಆರೋವರ್ಗೂ ಬಾಗಿಲು ತೆಗೆಯಲ್ಲ. ಕೂತ್ಕೊಳಿ."

"ಅರ್ಜೆಂಟಿದೆ ಅಣ್ಣ."

"ಇಲ್ಲಿಗೆ ಬರೋರೆಲ್ಲರಿಗೂ ಅರ್ಜೆಂಟೇ ಮೇಡಂ."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಕೆಂಪು ದೀಪ ನೋಡುತ್ತಾ ಆಂಜನೇಯನ ಹೆಸರು ಹೇಳಿಕೊಳ್ಳುತ್ತಾ ಕೂತೆ. ನೂರೆಂಟು ಮುಗಿಯಿತು. ದೀಪ ಆರಲಿಲ್ಲ. ಎರಡನೆಯ ನೂರೆಂಟು ಶುರು ಮಾಡಿದೆ. ನಡುವೆ ಒಂದು ಕೆಟ್ಟ ಯೋಚನೆಯೂ ಬಂತು, ಅದನ್ನೂ ಬರೆಯುತ್ತೇನೆ: ಈಗಲೂ ಎದ್ದು ಮನೆಗೆ ಹೋಗಬಹುದು. ಕುಂಕುಮದ ವಿಷಯ ಯಾರಿಗೂ ತಿಳಿಯುವುದಿಲ್ಲ. ನೆಂಟರಿಷ್ಟರ ಮುಂದೆ, ಶೆಡ್ಡಿನವರ ಮುಂದೆ, ಪೂಜೆ ಮಾಡಿ ಕೆಲಸ ಕೆಡಿಸಿದವಳು ಎನಿಸಿಕೊಳ್ಳುವುದು ತಪ್ಪುತ್ತದೆ. ಐದು ಗಂಟೆಗೆ ಐದು ನಿಮಿಷವಿದ್ದಾಗ ದೀಪ ಆರಿತು.

ಬ್ಯಾಂಕಿನ ಲಾಕರಿನಂಥ ಬಾಗಿಲು ತೆರೆದು ಇವರು ಬಂದರು. ಹಿಂದೆ ಅವಳು, ಅವಳ ಹಿಂದೆ ಲ್ಯಾಬಿನ ಇಂಜಿನಿಯರ್, ಮೂವತ್ತರ ಹೆಣ್ಣುಮಗಳು. ವೈರಿಂಗಿನವಳ ಕಣ್ಣು ಊದಿಕೊಂಡಿತ್ತು. ಇವರು ನನ್ನನ್ನು ನೋಡಿ ಗಾಬರಿಯಾದರು.

"ಅಮ್ಮಂಗೆ ಏನಾಯ್ತು?"

"ಅತ್ತೆ ಚೆನ್ನಾಗಿದ್ದಾರೆ. ರೀ, ಪೆಟ್ಟಿಗೆಯೊಳಗೆ ಆ ಬಣ್ಣ ಹೊಡೀದ ಜಾಗಕ್ಕೆ ಆಯುಧಪೂಜೆ ದಿನ ನಾನು ಬೊಟ್ಟು ಇಟ್ಟಿದ್ದೆ. ಅರಿಶಿನ ಗಂಧ ಕಲಸಿ."

ಇವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ತಿರುಗಿ ಅವಳನ್ನು ಕೇಳಿದರು.

"ಜಡೆ ಕೂರಿಸುವಾಗ ಒರೆಸ್ಲಿಲ್ವಾ?"

ಅವಳು ನನ್ನ ಮುಖ ನೋಡಿದಳು.

"ಹೇಳೇ," ಅಂದೆ.

"ಒಣಗಿತ್ತು ಸಾರ್. ಅಮ್ಮ ಇಟ್ಟ ಬೊಟ್ಟು, ಒರೆಸೋಕೆ ಕೈ ಬರ್ಲಿಲ್ಲ. ಅದ್ರ ಮೇಲೇ ಬಿಗಿದೆ. ಮೀಟರ್ ಬೀಪ್ ಅಂತು, ಸರಿಯಾಯ್ತು ಅಂದ್ಕೊಂಡೆ."

"ಮೂರು ದಿನದಿಂದ ಬಾಯಿ ಬಿಡದೆ ನಿಂತಿದ್ದೀಯಲ್ಲ?"

"ಮೊನ್ನೆಯಿಂದ ಅದೇ ಡೌಟು ಸಾರ್. ಹೇಳಿದ್ರೆ ಅಮ್ಮನ ಮೇಲೆ ಎತ್ತಿ ಹಾಕಿದಂಗೆ ಆಗುತ್ತೆ ಅಂತ."

ನನಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೂ ಅವಳು ಸುಮ್ಮನಿದ್ದಳು. ಬೆಂಚಿನ ಮೇಲೆ ಕೂತು ಎದ್ದು ಹೋಗಲೇ ಎಂದು ಯೋಚಿಸಿದವಳು ನಾನು.

ಇವರು ಏನೋ ಜೋರಾಗಿ ಹೇಳಲು ಹೊರಟರು. ಇಂಜಿನಿಯರ್ ಹುಡುಗಿ ಗಡಿಯಾರ ನೋಡಿ, "ಸರ್, ಬೈಯೋದು ಆಮೇಲೆ ಬೈಕೊಳ್ಳಿ. ಒಂದು ಗಂಟೆ ಇದೆ. ಬಿಚ್ಚಿ ನೋಡಿಬಿಡೋಣ," ಅಂದಳು.

ಹೊರಗಿನ ಮೇಜಿನ ಮೇಲೆ ಪೆಟ್ಟಿಗೆ ತಂದಿಟ್ಟರು. ವೈರಿಂಗಿನವಳೇ ಸ್ಪ್ಯಾನರ್ ಹಿಡಿದಳು. ಇವರು ಕೈ ಚಾಚಿದ್ದರು, ಇಂಜಿನಿಯರ್ ತಡೆದಳು: "ಸರ್ಟಿಫಿಕೇಟ್ ಇರೋದು ಇವರಿಗೆ, ನಿಮಗಲ್ಲ." ನಟ್ಟು ಬಿಚ್ಚಿ, ಜಡೆ ಎತ್ತಿದಾಗ ಕೆಳಗೆ ಕೆಂಪು ಹಳದಿ ಹೆಪ್ಪುಗಟ್ಟಿ ಬಿಲ್ಲೆಯಂತೆ ಕೂತಿತ್ತು. ಅಂಚಿನಲ್ಲಿ ಲೋಹ ಬೆಳ್ಳಗೆ ಬೂಷ್ಟು ಹಿಡಿದ ಹಾಗಾಗಿತ್ತು.

"ಮೀಟರಿನ ಕರೆಂಟು ಬೋಲ್ಟಿನ ಮರೆಯಲ್ಲಿ ಹೇಗೋ ದಾಟಿಬಿಡುತ್ತೆ ಆಂಟಿ," ಎಂದಳು ಆ ಹುಡುಗಿ ನನಗೆ. "ರೇಡಿಯೊ ಅಲೆ ಹಾಗೆ ದಾಟಲ್ಲ. ಅದಕ್ಕೆ ಅಗಲವಾದ, ಬರಿ ಲೋಹದ ದಾರಿ ಬೇಕು. ಅದಕ್ಕೇ ಬಣ್ಣ ಹೊಡೀದೆ ಬಿಟ್ಟಿರೋದು."

ವೈರಿಂಗಿನವಳು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಹಿಡಿದು ನಿಂತಿದ್ದಳು. ಈಗಲೂ ಕೈ ಬರುತ್ತಿರಲಿಲ್ಲ. ಬಟ್ಟೆ ನಾನು ಇಸಿದುಕೊಂಡೆ. ಇಟ್ಟ ಕೈಯೇ ತೆಗೆಯಲಿ ಎಂದು ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು ಒರೆಸಿದೆ. ದೇವರಿಗೆ ನಾನು ಎಲ್ಲಿ ಇಟ್ಟೆ ಎನ್ನುವುದಕ್ಕಿಂತ ಯಾಕೆ ಇಟ್ಟೆ ಎನ್ನುವುದು ಗೊತ್ತಿರುತ್ತದೆ. ಆದರೆ ಅಲೆಗೆ ಅದು ಗೊತ್ತಿರುವುದಿಲ್ಲ. ಆಮೇಲೆ ಅವಳು ಉಪ್ಪುಕಾಗದದಲ್ಲಿ ಉಜ್ಜಿ, ಹೊಳಪು ಬಂದ ಮೇಲೆ ಜಡೆ ಕೂರಿಸಿ ಬಿಗಿದಳು.

ಪೆಟ್ಟಿಗೆ ಒಳಗೆ ಹೋದಾಗ ಐದೂವರೆ. ಕೆಂಪು ದೀಪ ಹತ್ತಿತು. ಇವರು ಇಂಜಿನಿಯರ್ ಜೊತೆ ಒಳಗೆ, ಅಲೆ ತಾಗದ ಪಕ್ಕದ ಕೋಣೆಯಲ್ಲಿದ್ದರು. ನಾವಿಬ್ಬರೂ ಬೆಂಚಿನ ಮೇಲೆ.

"ಈಗಲೂ ವೋಲ್ಟು ಕುಣಿದ್ರೆ ಏನ್ಮಾಡೋದಕ್ಕ?" ಅಂದಳು. ಅಮ್ಮ ಎನ್ನುತ್ತಿದ್ದವಳು ಆವತ್ತು ಅಕ್ಕ ಅಂದಳು.

"ರಿಪೋರ್ಟಲ್ಲಿ ನನ್ನ ಹೆಸರು ಹಾಕಿಸ್ತೀನಿ."

"ನಿಮಗೆ ಸರ್ಟಿಫಿಕೇಟೇ ಇಲ್ವಲ್ಲ, ಏನು ಕಿತ್ಕೊಳ್ತಾರೆ?"

ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆರಕ್ಕೆ ಹತ್ತು ನಿಮಿಷ. ಐದು ನಿಮಿಷ. ಅವಳ ಕೈ ಹಿಡಿದುಕೊಂಡೆ. ಅವಳ ಬೆರಳ ತುದಿ ಬೆಸುಗೆಯ ಸೀಸ ತಾಗಿ ತಾಗಿ ಕಲ್ಲಿನ ಹಾಗಿತ್ತು.

ದೀಪ ಆರಿತು. ಇವರು ಬಾಗಿಲಲ್ಲಿ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತು ವರ್ಷದಲ್ಲಿ ಅವರು ಸುಮ್ಮನೆ ಕನ್ನಡಕ ಒರೆಸುವುದನ್ನು ನಾನು ಮೂರು ಸಲವೋ ನಾಲ್ಕು ಸಲವೋ ನೋಡಿದ್ದೇನೆ.

"ಅಲ್ಲಾಡ್ಲಿಲ್ಲ," ಅಂದರು. "ಗೆರೆ ಎಳೆದಂಗೆ ನಿಂತಿತ್ತು."

ರಿಪೋರ್ಟಿನ ಕಾರಣದ ಸಾಲು ಇನ್ನೂ ಖಾಲಿಯಿತ್ತು. ಬಿಚ್ಚಿ ಕೂರಿಸಿದ್ದರಿಂದ ಬರೆಯಲೇಬೇಕು. ಇವರು ಪೆನ್ನು ಹಿಡಿದು, "ಸ್ವಲ್ಪ ಕೊಳೆ ಇತ್ತು ಅಂತ ಬರೀಲಾ?" ಅಂದರು. ಕುಂಕುಮವನ್ನು ಕೊಳೆ ಎನ್ನಲು ನನಗೆ ಮನಸ್ಸಾಗಲಿಲ್ಲ. ಅವಳ ಮೇಲೆ ಬರುವ ಹಾಗೂ ಇರಬಾರದು. "ಇದ್ದದ್ದು ಇದ್ದಂಗೆ ಬರೀರಿ. ಪೂಜೆಯಲ್ಲಿ ಇಟ್ಟ ಕುಂಕುಮ. ಇಟ್ಟಿದ್ದು ಮನೆಯವಳು. ಜೋಡಿಸಿದವರ ತಪ್ಪಿಲ್ಲ," ಅಂದೆ. ಇಂಜಿನಿಯರ್ ಹುಡುಗಿ ಅದನ್ನು ಇಂಗ್ಲಿಷಿಗೆ ಹಾಕಿಕೊಟ್ಟಳು. ಜೊತೆಗೆ, ಇನ್ನು ಮೇಲೆ ಜಡೆ ಕೂರಿಸುವ ಮೊದಲು ಆ ಜಾಗ ಬರಿ ಲೋಹವಾಗಿದೆಯೇ ಎಂದು ನೋಡಿ ರುಜು ಹಾಕುವ ಒಂದು ಹೊಸ ಸಾಲನ್ನು ನಮ್ಮ ಶೆಡ್ಡಿನ ಜೋಡಣೆಯ ಹಾಳೆಗೆ ಸೇರಿಸಲು ಹೇಳಿದಳು. ಒರೆಸಲು ಕೈ ಬಾರದಿದ್ದರೆ ಯಾರನ್ನು ಕರೆಯಬೇಕು ಎಂದೂ ಅದರಲ್ಲಿ ಬರೆಯಿರಿ ಎಂದು ನಾನು ಹೇಳಿದೆ. ಅದನ್ನು ಅವಳು ಬರೆಯಲಿಲ್ಲ, ನಕ್ಕಳು.

ವಾಪಸು ಮೆಟ್ರೊದಲ್ಲಿ ಮೂವರೂ ನಿಂತೇ ಬಂದೆವು. ಮೆಜೆಸ್ಟಿಕ್ ದಾಟಿದ ಮೇಲೆ ಇವರು, "ಒಟ್ಟು ಎಷ್ಟು ಪೆಟ್ಟಿಗೆಗೆ ಇಟ್ಟಿದ್ದೆ?" ಎಂದು ನನ್ನನ್ನು ಕೇಳಿದರು.

"ಐದು."

"ಹಂಗಾದ್ರೆ ಇನ್ನೂ ನಾಲ್ಕಿದೆ." ಅವಳ ಕಡೆ ನೋಡದೆ, ಕಂಬಿಗೆ ಹೇಳಿದ ಹಾಗೆ ಹೇಳಿದರು: "ಸೋಮವಾರ ಎಂಟೂವರೆಗೆ ಬಂದ್ಬಿಡಮ್ಮ. ನಾಲ್ಕನ್ನೂ ಬಿಚ್ಚಬೇಕು."

"ನೀವೇ ಬರ್ಬೇಡ ಅಂದಿದ್ರಲ್ಲ ಸಾರ್?"

"ಅಂದಿದ್ದೆ."

"ಲ್ಯಾಬಿನವರೆಲ್ಲರ ಮುಂದೆ ಅಂದ್ರಿ ಸಾರ್."

ಇವರು ಕಂಬಿ ಬಿಟ್ಟು ಅವಳ ಕಡೆ ತಿರುಗಿದರು. "ಸೋಮವಾರ ಶೆಡ್ಡಲ್ಲಿ ಎಲ್ಲರ ಮುಂದೆ ಹೇಳ್ತೀನಿ, ತಪ್ಪು ನಂದೇ ಅಂತ. ಸಾಕಾ?"

"ಒಂಬತ್ತಕ್ಕೆ ಬರ್ತೀನಿ ಸಾರ್. ಎಂಟೂವರೆಗೆ ಆಗಲ್ಲ," ಅಂದಳು.

ಮಾದಾವರದಲ್ಲಿ ಇಳಿದು ಮನೆ ಸೇರಿದಾಗ ಒಂಬತ್ತಾಗುತ್ತಾ ಬಂದಿತ್ತು. ಅತ್ತೆ ಸಾರು ಮಾಡಿ ಮುಚ್ಚಿಟ್ಟಿದ್ದರು. "ಏನಾಯ್ತವ್ವಾ?" ಎಂದು ಕೇಳಿದರು. ಅವಳ ಹೆಸರು ಉಳೀತು ಅತ್ತೆ ಎಂದೆ. ಅವರಿಗೆ ಎಷ್ಟು ಅರ್ಥವಾಯಿತೋ, "ಒಳ್ಳೇದಾಯ್ತು" ಅಂದರು. ತಾರಸಿಯ ಮೇಲೆ ಬೆಳಗ್ಗೆ ಒಗೆದ ಬಟ್ಟೆ ಹಾಗೆಯೇ ಇತ್ತು. ಇಬ್ಬನಿ ಇಳಿದರೆ ನಾಳೆಯೂ ಒಣಗುವುದಿಲ್ಲ. ಬಕೆಟ್ಟು ತೆಗೆದುಕೊಂಡು ಮೇಲೆ ಹೋಗಿ, ಒಂದೊಂದಾಗಿ ತೆಗೆದು ಮಡಚತೊಡಗಿದೆ.